ಇಸ್ತಾಂಬುಲ್ ನಗರವೂ ಲಿಪಿಪರಂಪರೆಯೂ

ಜಗತ್ತಿನ ಪ್ರಾಚೀನ ಮಹಾನಗರಗಳಲ್ಲಿ ತುರ್ಕಿ ದೇಶದ ಇಸ್ತಾಂಬುಲ್ ನಗರದ ಸ್ಥಾನವು ವಿಶಿಷ್ಟವಾದುದು. ಕಪ್ಪು ಸಮುದ್ರವನ್ನೂ ಮರ್ಮರ ಸಮುದ್ರವನ್ನೂ ಕೂಡಿಸುವ ಬಾಸ್ಫರಸ್ ಜಲಸಂಧಿಯು ಈ ನಗರದ ನಡುವೆಯೇ ಹರಿಯುತ್ತದೆ. ಪಶ್ಚಿಮದ ದಡ ಯುರೋಪು, ಪೂರ್ವದ ದಡ ಏಷ್ಯಾ. ಸುಮಾರು 30 ಕಿಲೋಮೀಟರು ಉದ್ದವುಳ್ಳ ಈ ಜಲಮಾರ್ಗದ ಮೇಲೆ 1973ರಲ್ಲಿ ಮೊದಲನೆಯ ಸೇತುವೆಯೂ, 1988ರಲ್ಲಿ ಎರಡನೆಯದೂ, 2016ರಲ್ಲಿ ಮೂರನೆಯದೂ ಸಿದ್ಧವಾದವು. 2013ರಲ್ಲಿ ಕಡಲಡಿಯ ಸುರಂಗದಲ್ಲಿ ರೈಲು ಸಂಚಾರವೂ ಮೊದಲಾಯಿತು. ಖಂಡದಿಂದ ಖಂಡಕ್ಕೆ ಸೇತುವೆ ಕಟ್ಟುವುದು ಶ್ಲಾಘ್ಯವಾದ ಸಾಹಸವೇ ಸರಿ. ಆದರೆ ತಲೆಮಾರಿನಿಂದ ತಲೆಮಾರಿಗೆ ಇರುವ ಸೇತುವೆಯನ್ನು ಕಾಪಾಡುವುದು ಅದಕ್ಕಿಂತ ಕಷ್ಟವಾದುದೆಂಬುದಕ್ಕೆ ಈ ನಗರದ ಚರಿತ್ರೆಯೇ ಸಾಕ್ಷಿಯಾಗಿದೆ.

ಮೆಗಾರಾ ಪಟ್ಟಣದ ಗ್ರೀಕರು ಕ್ರಿಸ್ತಪೂರ್ವ ಏಳನೆಯ ಶತಮಾನದಲ್ಲಿ ಇಲ್ಲಿ ನೆಲೆಸಿ ಊರಿಗೆ ಬೈಜಾಂಟಿಯಂ ಎಂಬ ಹೆಸರನ್ನಿತ್ತರು. ಕ್ರಿ.ಶ. 330ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ಇದನ್ನು ತನ್ನ ರಾಜಧಾನಿಯನ್ನಾಗಿ ಪ್ರತಿಷ್ಠಾಪಿಸಿದನು. ಅಂದಿನಿಂದ ಅದು ಕಾನ್‌ಸ್ಟಾಂಟಿನೋಪಲ್ ಎನಿಸಿತು. ಜಸ್ಟಿನಿಯನ್ ಚಕ್ರವರ್ತಿಯ ಆಳಿಕೆಯಲ್ಲಿ, 537ರಲ್ಲಿ, ಹಾಗಿಯ ಸೋಫಿಯಾ ಎಂಬ ಭವ್ಯ ದೇವಾಲಯವು ಪೂರ್ಣಗೊಂಡಿತು. 1204ರಲ್ಲಿ ಈ ಕ್ರೈಸ್ತನಗರವನ್ನು ಸೂರೆಗೊಂಡವರು ಕ್ರೈಸ್ತ ಧರ್ಮಯೋಧರೇ ಎಂಬುದು ಚರಿತ್ರೆಯ ವಿಪರ್ಯಾಸ. 1453ರಲ್ಲಿ ಎರಡನೆಯ ಮೆಹ್ಮದ್ ಸುಲ್ತಾನನು ನಗರವನ್ನು ಗೆದ್ದನು. ಗೆದ್ದ ದಿನಗಳಲ್ಲಿ ಕೊಲೆ ಸುಲಿಗೆಗಳು ನಡೆದುವು, ಹಾಗಿಯ ಸೋಫಿಯಾ ಮಸೀದಿಯಾಯಿತು; ಆದರೆ ಆ ಕಟ್ಟಡವನ್ನು ಕೆಡವಲಿಲ್ಲ. ಮುಂದೆ ಶಿಲ್ಪಿ ಸಿನಾನನು 1550ರಿಂದ 1557ರವರೆಗೆ ಸುಲೇಮಾನಿಯೇ ಮಸೀದಿಯನ್ನು ಕಟ್ಟಿದಾಗ ಆ ಹಳೆಯ ಗುಮ್ಮಟವೇ ಅವನಿಗೆ ಗುರುವಾಯಿತು. ಹಾಗಿಯ ಸೋಫಿಯಾ 1935ರಲ್ಲಿ ವಸ್ತುಸಂಗ್ರಹಾಲಯವಾಯಿತು. 2020ರಲ್ಲಿ ಮರಳಿ ಮಸೀದಿಯಾಯಿತು. ಅದು ಯಾರದೆಂಬ ವಾದ ಇನ್ನೂ ಮುಗಿದಿಲ್ಲ. ಆದರೂ ಸುಮಾರು ಒಂದೂವರೆ ಸಾವಿರ ವರ್ಷಗಳ ಗೋಡೆಗಳು ನಿಂತೇ ಇವೆ.

ಕಲ್ಲಿಗೆ ಒದಗಿದ ಈ ಭಾಗ್ಯ ಅಕ್ಷರಕ್ಕೆ ಒದಗಲಿಲ್ಲ. 1923ರಲ್ಲಿ ರಾಜಧಾನಿಯು ಅಂಕಾರಾಕ್ಕೆ ಸಾಗಿ ಗಣರಾಜ್ಯವು ಸ್ಥಾಪಿತವಾಯಿತು. 1928ರ ನವೆಂಬರ್ 1ರಂದು ಅಂಗೀಕೃತವಾದ ಶಾಸನವು ಅರಬ್ಬೀ ಲಿಪಿಯ ಸ್ಥಾನದಲ್ಲಿ ಲ್ಯಾಟಿನ್ ಲಿಪಿಯನ್ನು ಪ್ರತಿಷ್ಠಾಪಿಸಿತು. ಹೊಸ ವರ್ಷದಿಂದ ಪುಸ್ತಕಗಳೆಲ್ಲ ಹೊಸ ಅಕ್ಷರಗಳಲ್ಲೇ ಅಚ್ಚಾಗಬೇಕಾಯಿತು. ಶಾಲೆಗಳಲ್ಲಿ ಹಳೆಯ ಲಿಪಿಯ ಪುಸ್ತಕಗಳಿಂದ ಪಾಠ ಹೇಳುವುದು ನಿಷಿದ್ಧವಾಯಿತು. 1932ರಿಂದ ಅರಬ್ಬೀ ಪಾರಸೀ ಶಬ್ದಗಳನ್ನು ಭಾಷೆಯಿಂದ ಹೊರದೂಡುವ ಕಾರ್ಯವೂ ಆರಂಭವಾಯಿತು. ಸುಧಾರಣೆಯ ನೇತಾರನಾದ ಮುಸ್ತಫಾ ಕೆಮಾಲನು 1927ರಲ್ಲಿ ಆರು ದಿನಗಳ ಪರ್ಯಂತ ಮಾಡಿದ ಪ್ರಸಿದ್ಧ ಭಾಷಣವನ್ನೇ ಕೆಲವು ದಶಕಗಳಲ್ಲಿ ಹೊಸ ತುರ್ಕಿ ಭಾಷೆಗೆ ಪರಿವರ್ತಿಸಬೇಕಾಗಿ ಬಂದಿತೆಂದರೆ ಪರಂಪರೆಯ ಎಳೆ ಎಷ್ಟು ಬೇಗ ಕಡಿಯಿತೆಂಬುದು ವೇದ್ಯವಾಗುತ್ತದೆ.

ಈ ಸುಧಾರಣೆಯ ಪಕ್ಷದಲ್ಲಿ ಹೇಳಬೇಕಾದುದೂ ಉಂಟು. ಸ್ವರಸಮೃದ್ಧವಾದ ತುರ್ಕಿ ಭಾಷೆಗೆ ಸ್ವರಚಿಹ್ನೆಗಳು ವಿರಳವಾದ ಅರಬ್ಬೀ ಲಿಪಿ ಸರಿಹೊಂದುತ್ತಿರಲಿಲ್ಲ. 1927ರ ಜನಗಣತಿಯ ಕಾಲಕ್ಕೆ ಓದು ಬಲ್ಲವರು ನೂರಕ್ಕೆ ಸುಮಾರು ಹತ್ತು ಜನರು ಮಾತ್ರ. ಹೊಸ ಲಿಪಿಯಿಂದ ವಿದ್ಯೆಯು ಬಡವರ ಮನೆಯ ಬಾಗಿಲಿಗೂ ಬಂದಿತು. ಅಕ್ಷರವು ಕೆಲವರ ಸೊತ್ತಾಗಿರಬಾರದೆಂಬ ಆ ಧ್ಯೇಯವನ್ನು ವಿದ್ಯಾಪ್ರೇಮಿಗಳಾರೂ ಅಲ್ಲಗಳೆಯಲಾರರು. ದೋಷವಿರುವುದು ಹೊಸದನ್ನು ತಂದುದರಲ್ಲಲ್ಲ. ಹಳೆಯದನ್ನು ಕಲಿಯುವ ದಾರಿಯನ್ನೇ ಶಾಲೆಯಲ್ಲಿ ಮುಚ್ಚಿದುದರಲ್ಲಿ. ಹೊಸಮನೆಯನ್ನು ಕಟ್ಟಿದವನು ಹಿರಿಯರ ಪೆಟ್ಟಿಗೆಯ ಬೀಗದಕೈಯನ್ನು ಬಾವಿಗೆ ಎಸೆಯಬೇಕಾದ ಅಗತ್ಯವಿಲ್ಲ.

ಅದರ ಫಲವು ಇಂದು ನಗರದ ಬೀದಿಬೀದಿಗಳಲ್ಲಿ ಕಾಣಸಿಗುತ್ತದೆ. ತೋಪ್‌ಕಪಿ ಅರಮನೆಯ ಹೆಬ್ಬಾಗಿಲ ಮುಂದೆ ಮೂರನೆಯ ಅಹ್ಮದ್ ಸುಲ್ತಾನನು 1728ರಲ್ಲಿ ಕಟ್ಟಿಸಿದ ನೀರಿನ ಕಾರಂಜಿಯ ಗೋಡೆಗಳ ಮೇಲೆ ಪದ್ಯಗಳನ್ನು ಸುಂದರಾಕ್ಷರಗಳಲ್ಲಿ ಕೊರೆಯಲಾಗಿದೆ. ಮಸೀದಿಗಳ ದ್ವಾರಗಳಲ್ಲಿಯೂ ಗೋರಿಗಲ್ಲುಗಳಲ್ಲಿಯೂ ಅಂತಹ ಬರಹಗಳು ಅಸಂಖ್ಯ. ಅವುಗಳ ಮುಂದೆ ಹಾದುಹೋಗುವ ಊರ ಮಕ್ಕಳಲ್ಲಿ ಬಹುಪಾಲು ಜನರಿಗೆ ಅವು ಕೇವಲ ಚಿತ್ತಾರ. ತಮ್ಮ ಮುತ್ತಜ್ಜನ ಗೋರಿಯ ಮೇಲಿರುವ ಹೆಸರನ್ನೂ ಅವರು ಪರರಿಂದ ಓದಿಸಿಕೊಳ್ಳಬೇಕು. ಸುಲೇಮಾನಿಯೇ ಗ್ರಂಥಾಲಯದಲ್ಲಿ ಹತ್ತಾರು ಸಾವಿರ ಹಸ್ತಪ್ರತಿಗಳು ಸುರಕ್ಷಿತವಾಗಿವೆ. ಅವುಗಳನ್ನು ಓದಬಲ್ಲವರು ವಿಶೇಷಾಭ್ಯಾಸ ಮಾಡಿದ ಕೆಲವರು ಮಾತ್ರ.

ಕಟ್ಟಡ ಉಳಿದ ಮಾತ್ರಕ್ಕೆ ಸಂಸ್ಕೃತಿ ಉಳಿಯಿತೆಂದು ಭಾವಿಸುವುದು ಭ್ರಮೆ. ಗೋಡೆಯನ್ನು ದುರಸ್ತಿಪಡಿಸಲು ಧನಬಲ ಸಾಕು. ಗೋಡೆಯ ಮೇಲಿನ ಬರಹವನ್ನು ಜೀವಂತವಾಗಿರಿಸಲು ಗುರುಶಿಷ್ಯರಿಬ್ಬರೂ ಬೇಕು. ಗ್ರಂಥಾಲಯಕ್ಕೆ ಮಂದಿರವನ್ನು ಕಟ್ಟಿಸಿಕೊಡುವುದು ಪುಣ್ಯಕಾರ್ಯ. ಅಲ್ಲಿಯ ಹಳೆಯ ಗ್ರಂಥವನ್ನು ಬಿಚ್ಚಿ ಓದಬಲ್ಲ ಒಬ್ಬ ವಿದ್ಯಾರ್ಥಿಯನ್ನು ಸಿದ್ಧಗೊಳಿಸುವುದು ಅದಕ್ಕಿಂತಲೂ ಮಿಗಿಲಾದ ದಾನ. ಎರಡು ಖಂಡಗಳನ್ನು ಮೂರು ಸೇತುವೆಗಳಿಂದ ಬೆಸೆದ ಆ ಮಹಾನಗರವು ತನ್ನ ನಿನ್ನೆಯನ್ನೂ ನಾಳೆಯನ್ನೂ ಬೆಸೆಯುವ ಸೇತುವೆಯನ್ನು ಶಾಲೆಯ ಕೋಣೆಯಲ್ಲೇ ಮತ್ತೆ ಕಟ್ಟಬೇಕಾಗಿದೆ. ಭಾಷೆಯನ್ನು ಬೋಧಿಸುವವರೆಲ್ಲರೂ ಗಮನಿಸಬೇಕಾದ ಪಾಠವಿದು.