ಬುದ್ಧಿಹಲ್ಲು ಮತ್ತು ಊರ ಬುದ್ಧಿ

ನಮ್ಮ ಕಡೆ ಒಬ್ಬ ಹುಡುಗನ ಗಲ್ಲ ಬಾತರೆ ಸಾಕು, ಔಷಧ ಹೇಳುವವರು ಹತ್ತು ಮಂದಿ ಕಟ್ಟೆಯ ಮೇಲೇ ಸಿಗುತ್ತಾರೆ. ಒಬ್ಬರು ಲವಂಗ ಇಡು ಅಂತಾರೆ, ಒಬ್ಬರು ತಂಬಾಕು ಸುಣ್ಣ ತಿಕ್ಕಿ ಇಡು ಅಂತಾರೆ, ಇನ್ನೊಬ್ಬರು ಕಾಸಿದ ಉಪ್ಪಿನ ಗಂಟು ಒತ್ತು ಅಂತಾರೆ. ಹತ್ತು ಮಂದಿಯಲ್ಲಿ ಒಬ್ಬರೂ ಹುಡುಗನ ಬಾಯಿ ತೆರೆಸಿ ನೋಡಿರುವುದಿಲ್ಲ. ಈ ಲೇಖನ ಆ ಹತ್ತು ಮಂದಿಯ ವಿರುದ್ಧ ಬರೆದದ್ದು. ಅವರಲ್ಲಿ ಕೆಲವರು ನಮ್ಮ ವಾಚನಾಲಯದ ಓದುಗರೂ ಇದ್ದಾರೆ. ಸಿಟ್ಟು ಬಂದರೆ ಬರಲಿ, ಪೂರ್ತಿ ಓದಿದ ಮೇಲೆ ಬರಲಿ.

ಮರಾಠಿಯಲ್ಲಿ ಅಕ್ಕಲದಾಢ, ನಮ್ಮಲ್ಲಿ ಬುದ್ಧಿಹಲ್ಲು. ಬಾಯಿಯ ಕಟ್ಟಕಡೆಯ ದವಡೆ ಹಲ್ಲು, ಮೇಲೆ ಎರಡು, ಕೆಳಗೆ ಎರಡು. ಕೆಲವರಿಗೆ ನಾಲ್ಕೂ ಬರುತ್ತವೆ, ಕೆಲವರಿಗೆ ಎರಡೇ, ಕೆಲವರಿಗೆ ಹುಟ್ಟುವುದೇ ಇಲ್ಲ. ಸಾಮಾನ್ಯವಾಗಿ 17ರಿಂದ 25ನೆಯ ವಯಸ್ಸಿನೊಳಗೆ ಬರುವುದರಿಂದ ಈ ಹೆಸರು. ಅಷ್ಟೊತ್ತಿಗೆ ಉಳಿದ ಹಲ್ಲುಗಳೆಲ್ಲ ತಮ್ಮ ಜಾಗ ಹಿಡಿದು ಕುಳಿತಿರುತ್ತವೆ. ಕೊನೆಗೆ ಬಂದವನಿಗೆ ಜಾಗ ಸಾಲದೆ ಅದು ವಾರೆಯಾಗಿ, ಒಮ್ಮೊಮ್ಮೆ ಪೂರಾ ಅಡ್ಡ ಮಲಗಿ, ಮುಂದಿನ ಹಲ್ಲಿಗೆ ತಲೆ ಹಚ್ಚಿ ನಿಲ್ಲುತ್ತದೆ. ಅರ್ಧ ಹೊರಗೆ, ಅರ್ಧ ವಸಡಿನೊಳಗೆ. ಆ ವಸಡಿನ ಸೆರಗಿನ ಕೆಳಗೆ ಅನ್ನ, ಚೂಡಾ, ಅಡಿಕಿ ಚೂರು ಹೋಗಿ ಕೂಡುತ್ತದೆ. ಬ್ರಶ್ ಅಲ್ಲಿಗೆ ಮುಟ್ಟುವುದಿಲ್ಲ. ಅದು ಕೊಳೆತು ಕೀವಾಗುತ್ತದೆ, ಗಲ್ಲ ಬಾಯುತ್ತದೆ, ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಜೊತೆಗೆ, ಸುಮ್ಮನೆ ಇದ್ದ ಮುಂದಿನ ಒಳ್ಳೆಯ ಹಲ್ಲೂ ಹುಳುಕು ಹಿಡಿಯುತ್ತದೆ.

“ಹಲ್ಲ ಬರೂ ಮುಂದ ನೋಯೂದ ತಮ್ಮಾ, ತಾನ ಕೂಡ್ತದ ಬಿಡು” ಎನ್ನುವುದು ಕಟ್ಟೆಯ ಮೊದಲ ತೀರ್ಪು. ಇದರಲ್ಲಿ ಅರ್ಧ ಸತ್ಯವಿದೆ. ನೆಟ್ಟಗೆ ಬರುವ ಹಲ್ಲು ನಾಲ್ಕು ದಿನ ನೋಯಿಸಿ ಕೂಡುತ್ತದೆ. ಅಡ್ಡ ಮಲಗಿದ ಹಲ್ಲು ಮಾತ್ರ ಎಷ್ಟು ವರ್ಷ ಕಾದರೂ ಎದ್ದು ನಿಲ್ಲುವುದಿಲ್ಲ. ಮೆಡಿಕಲ್ ಅಂಗಡಿಯಿಂದ ಆರು ಗುಳಿಗೆ ತಂದು ಮೂರು ನುಂಗಿದರೆ ಬಾವು ಇಳಿಯುತ್ತದೆ. ಆರಾಮಾತು ಅಂತ ಉಳಿದ ಮೂರನ್ನು ದೇವರ ಜಗಲಿಯ ಮೂಲೆಗೆ ಇಡುತ್ತಾರೆ. ಎರಡು ತಿಂಗಳ ಮೇಲೆ ಮತ್ತೆ ಬಾವು. ಇದನ್ನು ಗುಣವಾಯಿತು ಎನ್ನುವವರು ಸೋರುವ ಮಾಳಿಗೆಯ ಕೆಳಗೆ ಬುಟ್ಟಿ ಇಟ್ಟು ಮಾಳಿಗೆ ರಿಪೇರಿ ಆಯಿತು ಅನ್ನಬೇಕು. ಇನ್ನೂ ಕೆಲವರು ಗುಳಿಗೆಯನ್ನು ನುಂಗದೆ ಪುಡಿ ಮಾಡಿ ವಸಡಿಗೇ ಇಡುತ್ತಾರೆ. ಆಸ್ಪಿರಿನ್ ಹಾಗೆ ಇಟ್ಟರೆ ವಸಡು ಸುಟ್ಟು ಬೆಳ್ಳಗಾಗುತ್ತದೆ, ಅಷ್ಟೇ.

ಹಲ್ಲಿನ ನೋವಿನಿಂದ ಯಾರಾದರೂ ಸಾಯುತ್ತಾರೇನು ಎಂದು ನಗುವವರಿಗೆ ಒಂದು ಮಾತು. ಕೆಳಗಿನ ದವಡೆ ಹಲ್ಲಿನ ಕೀವು ನಾಲಿಗೆಯ ಬುಡಕ್ಕೆ, ಗದ್ದದ ಕೆಳಗೆ ಇಳಿದು ಕುತ್ತಿಗೆ ಕಲ್ಲಿನಂತೆ ಗಟ್ಟಿಯಾಗಿ ಉಸಿರಿನ ದಾರಿಯನ್ನೇ ಒತ್ತುವ ಒಂದು ರೋಗವಿದೆ. ಜರ್ಮನಿಯ ಲುಡ್ವಿಗ್ ಎಂಬ ವೈದ್ಯರು 1836ರಲ್ಲೇ ಅದನ್ನು ವಿವರಿಸಿದ್ದಾರೆ, ಇವತ್ತಿಗೂ ಅದಕ್ಕೆ ಅವರದೇ ಹೆಸರು. ಆಗ ಬೇಕಾಗುವುದು ದೊಡ್ಡ ದವಾಖಾನೆ, ಅದೂ ಆ ಗಳಿಗೆಯಲ್ಲೇ. ಉಪ್ಪಿನ ಗಂಟಿನಿಂದ ಏನೂ ಆಗುವುದಿಲ್ಲ.

ಹಾಗಂತ ಬುದ್ಧಿಹಲ್ಲು ಕಂಡ ಕೂಡಲೆ ಕೀಳಿಸಬೇಕೆಂದು ನಾನು ಹೇಳುತ್ತಿಲ್ಲ. ಆ ಕಡೆಯ ಅತಿರೇಕವೂ ಇದೆ. ನೋವಿಲ್ಲ, ಬಾವಿಲ್ಲ, ಹುಳುಕಿಲ್ಲ, ಆದರೂ ನಾಲ್ಕನ್ನೂ ತೆಗೆದುಬಿಡೋಣ ಎಂದರೆ ಯಾಕೆ ಎಂದು ಕೇಳುವ ಹಕ್ಕು ನಮಗಿದೆ. ಇಂಗ್ಲೆಂಡಿನಲ್ಲಿ ಸರಕಾರಿ ದವಾಖಾನೆಗಳಿಗೆ ಸಲಹೆ ಕೊಡುವ ನೈಸ್ ಎಂಬ ಸಂಸ್ಥೆ 2000ನೆಯ ಇಸವಿಯಲ್ಲೇ, ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಯ ಹೆಸರಿನಲ್ಲಿ ಕೀಳುವುದನ್ನು ನಿಲ್ಲಿಸಿ ಎಂದು ಹೇಳಿತು. ಎಕ್ಸ್‌ರೇ ತೆಗೆಸಿ, ಹಲ್ಲು ಹೇಗೆ ಮಲಗಿದೆ ತೋರಿಸಿ ಎನ್ನಿ. ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ, ಬೆರಳಿಟ್ಟು ತೋರಿಸುತ್ತಾರೆ.

ಕಟ್ಟೆಯ ಎರಡನೆಯ ತೀರ್ಪು ಇನ್ನೂ ಗಟ್ಟಿ: “ಮ್ಯಾಲಿನ ಹಲ್ಲ ತಗಸಿದ್ರ ಕಣ್ಣ ಹೋಗ್ತಾವ.” ಈ ಒಂದು ಮಾತು ಕೆಡಿಸಿದಷ್ಟು ಬಾಯಿಗಳನ್ನು ಹುಳುಕೂ ಕೆಡಿಸಿಲ್ಲ. ಕಣ್ಣಿಗೆ ನೋಟ ಕೊಡುವ ನರ ಬೇರೆ, ಅದು ಕಣ್ಣುಗುಡ್ಡೆಯ ಹಿಂದಿನಿಂದ ನೇರ ಮಿದುಳಿಗೆ ಹೋಗುತ್ತದೆ. ಹಲ್ಲಿನ ನೋವನ್ನು ಒಯ್ಯುವ ನರ ಬೇರೆ. ಹಲ್ಲು ನೋಯುವಾಗ ಕಣ್ಣಿನ ಸುತ್ತ, ತಲೆಯ ಬದಿಗೆ ಸಿಡಿದಂತೆ ಆಗುವುದು ನಿಜ. ಮುಖಕ್ಕೆಲ್ಲ ಸ್ಪರ್ಶ ಕೊಡುವುದು ಒಂದೇ ನರದ ಮೂರು ಕವಲುಗಳಾದ್ದರಿಂದ ಹಾಗಾಗುತ್ತದೆ. ನೋಟಕ್ಕೂ ಅದಕ್ಕೂ ಸಂಬಂಧವಿಲ್ಲ. ಮತ್ತೆ ಈ ನಂಬಿಕೆ ಎಲ್ಲಿಂದ ಬಂತು? ನಲವತ್ತು ದಾಟಿದ ಮೇಲೆ ಎಲ್ಲರಿಗೂ ಚಾಳೀಸು ಬರುತ್ತದೆ. ಅದೇ ವಯಸ್ಸಿಗೆ, ಹಲ್ಲಿನ ಕಾಳಜಿ ಮಾಡದವರಿಗೆ ಹಲ್ಲು ಕೀಳಿಸುವ ಪಾಳಿಯೂ ಬರುತ್ತದೆ. ಎರಡೂ ಕೂಡಿ ಬಂದದ್ದನ್ನು ನೋಡಿ ಒಂದರಿಂದ ಇನ್ನೊಂದು ಆಯಿತು ಎಂದರು. ಶಾಲೆಯಲ್ಲಿ ಮಕ್ಕಳಿಗೆ ಕಾರ್ಯ-ಕಾರಣ ಹೇಳಿಕೊಡುವ ಗುರುಗಳು ಸಂಜೆ ಕಟ್ಟೆಯ ಮೇಲೆ ಈ ಮಾತಿಗೆ ತಲೆಯಾಡಿಸುವುದನ್ನು ನೋಡಿದರೆ ಬೇಸರವಾಗುತ್ತದೆ.

ಹೆದರಿಕೆಗೆ ಹಳೆಯ ಕಾರಣವೂ ಇದೆ. ಅಜ್ಜನ ಕಾಲದಲ್ಲಿ ಸಂತೆಯಲ್ಲಿ ಕುಳಿತವನು ಚಿಮಟಿಗೆ ಹಾಕಿ ಎಳೆಯುತ್ತಿದ್ದ, ನಾಲ್ಕು ಮಂದಿ ಹಿಡಿದುಕೊಳ್ಳುತ್ತಿದ್ದರು. ಆ ಕಥೆ ಇನ್ನೂ ಮನೆಮನೆಯಲ್ಲಿ ಜೀವಂತವಿದೆ. ಆದರೆ 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಗ್ನೊಕೇನ್ ತಯಾರಿಸಿ ಎಷ್ಟೋ ವರ್ಷವಾದವು. 1948ರ ಕಾಯಿದೆ ಬಂದ ಮೇಲೆ ನೋಂದಣಿ ಇಲ್ಲದವನು ಹಲ್ಲಿನ ವೈದ್ಯ ನಡೆಸುವುದೇ ಅಪರಾಧ. ಇವತ್ತು ಕುರ್ಚಿಯಲ್ಲಿ ಆಗುವುದು ಇಷ್ಟು: ಸೂಜಿ ಚುಚ್ಚುವಾಗ ಚುರ್ ಅನ್ನುತ್ತದೆ, ಕೆಲವರಿಗೆ ಒಂದೆರಡು ನಿಮಿಷ ಎದೆ ಡವಡವ ಅನ್ನುತ್ತದೆ. ಆಮೇಲೆ ತುಟಿ, ಅರ್ಧ ನಾಲಿಗೆ ಜೋಮು ಹಿಡಿಯುತ್ತವೆ. ಹಲ್ಲು ಅಡ್ಡ ಇದ್ದರೆ ವಸಡು ಕೊಯ್ದು, ಸುತ್ತಲಿನ ಎಲುಬು ಸ್ವಲ್ಪ ಕೊರೆದು, ಹಲ್ಲನ್ನೇ ಎರಡು ತುಂಡು ಮಾಡಿ ತೆಗೆದು, ಹೊಲಿಗೆ ಹಾಕುತ್ತಾರೆ. ಒತ್ತುವುದು, ಅಲುಗಿಸುವುದು, ಕಟಕಟ ಸಪ್ಪಳ ಎಲ್ಲ ಗೊತ್ತಾಗುತ್ತದೆ. ಚುಚ್ಚುವ ನೋವು ಗೊತ್ತಾಗಬಾರದು. ಗೊತ್ತಾದರೆ ಕೈ ಎತ್ತಿ, ಇನ್ನಷ್ಟು ಔಷಧ ಹಾಕುತ್ತಾರೆ. ಹಲ್ಲು ಕಚ್ಚಿ ಸಹಿಸುವುದು ಗಂಡಸುತನ ಅಂದುಕೊಂಡವರು ಅದನ್ನು ಬೇರೆ ಕಡೆ ತೋರಿಸಲಿ.

ಇಲ್ಲಿಯವರೆಗೆ ಊರಿನವರನ್ನು ಬೈದದ್ದಾಯಿತು. ಈಗ ಡಾಕ್ಟರರ ಪಾಳಿ. ದಾನೋಳಿಯಿಂದ ಜಯಸಿಂಗಪುರ, ಸಾಂಗಲಿ, ಮಿರಜಿಗೆ ದವಾಖಾನೆಗಂತ ಹೋಗುವುದು ನಮಗೆ ಹೊಸದಲ್ಲ. ವಾನ್ಲೆಸ್ ಸಾಹೇಬರು ಮಿರಜಿನಲ್ಲಿ 1894ರಲ್ಲಿ ದವಾಖಾನೆ ತೆರೆದರು. ಅಂದಿನಿಂದ ಮಿರಜ ಈ ಸೀಮೆಗೆಲ್ಲ ವೈದ್ಯದ ಊರು. ಆದರೆ ಹಲ್ಲಿನ ದವಾಖಾನೆಗಳ ಒಟ್ಟು ರೂಢಿಯೇ ಹೀಗಿದೆ (ಯಾವುದೋ ಒಂದರ ಮಾತಲ್ಲ): ಬಾಯಲ್ಲಿ ಹೇಳುವುದು ಮರಾಠಿಯಲ್ಲಿ ಎರಡು ಮಾತು, “ಕಾಹೀ ಹೋತ ನಾಹೀ”, ಕೈಗೆ ಕೊಡುವುದು ಇಂಗ್ಲಿಷಿನ ಕಾಗದ. ಮನೆಯಲ್ಲಿ ಆ ಹುಡುಗನಿಗೆ ಅನ್ನ ಕಲಸಿ ಕೊಡುವವಳು ಕನ್ನಡ ಮಾತ್ರ ಬಲ್ಲ ಅಜ್ಜಿ. ಕಾಗದದಲ್ಲಿ ಏನಿದೆ ಎಂದು ಅಜ್ಜಿಗೆ ಯಾರು ಹೇಳಬೇಕು? ಏನೂ ಆಗುವುದಿಲ್ಲ ಎಂದು ಕಳಿಸಿದ್ದರಿಂದಲೇ, ಮೂರನೆಯ ದಿನ ಗಲ್ಲ ಬಾತಾಗ ಡಾಕ್ಟರು ಕೆಡಿಸಿದರು ಎಂಬ ಮಾತು ಹುಟ್ಟುವುದು. ಆಗುತ್ತದೆ ಎಂದು ಮೊದಲೇ ಹೇಳಿದ್ದರೆ ಅರ್ಧ ಊರು ಸುಮ್ಮನಿರುತ್ತಿತ್ತು.

ಆ ಅಜ್ಜಿಗಾಗಿ ಇಲ್ಲಿ ಬರೆಯುತ್ತೇನೆ, ಮೊಮ್ಮಕ್ಕಳು ಓದಿ ಹೇಳಲಿ. ಹಲ್ಲು ತೆಗೆದ ಕುಣಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಹಾಲು ಹೆಪ್ಪಾಗುವಾಗ ಗಡಿಗೆ ಅಲ್ಲಾಡಿಸುವುದಿಲ್ಲವಲ್ಲ, ಹಾಗೆಯೇ ಇದು. ಡಾಕ್ಟರು ಇಟ್ಟ ಅರಿವೆಯ ಉಂಡೆಯನ್ನು ಅರ್ಧ ತಾಸು, ಮುಕ್ಕಾಲು ತಾಸು ಗಟ್ಟಿ ಕಚ್ಚಿ ಹಿಡಿಯಬೇಕು. ಆ ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಕೊಳವೆ ಹಾಕಿ ಎಳನೀರು ಹೀರಬಾರದು. ಜೊಲ್ಲಿನಲ್ಲಿ ಕೆಂಪು ಬೆರೆತು ಬರುತ್ತದೆ, ಅದನ್ನು ನುಂಗಬೇಕು. “ಕೆಟ್ಟ ರಕ್ತ ಐತಿ, ಉಗುಳಿ ಹೊರಗ ಹಾಕು” ಎಂದು ಬಟ್ಟಲು ಹಿಡಿದು ಬರುವ ಹಿರಿಯರನ್ನು ಮರ್ಯಾದೆಯಿಂದಲೇ ಹೊರಗೆ ಕಳಿಸಿ. ಉಗುಳಿದಷ್ಟೂ ಹೆಪ್ಪು ಕಿತ್ತು ಬರುತ್ತದೆ. ಜೋಮು ಇಳಿಯಲು ಮೂರು-ನಾಲ್ಕು ತಾಸು ಬೇಕು, ಅಲ್ಲಿಯವರೆಗೆ ಬಿಸಿ ಚಹಾ ಬೇಡ, ತುಟಿ ಸುಟ್ಟರೂ ಗೊತ್ತಾಗುವುದಿಲ್ಲ. ನೋವಿನ ಗುಳಿಗೆಯನ್ನು ಜೋಮು ಪೂರ್ತಿ ಇಳಿಯುವ ಮುಂಚೆಯೇ ತೆಗೆದುಕೊಳ್ಳುವುದು ಜಾಣತನ.

ಮೊದಲ ದಿನ ಗಲ್ಲದ ಮೇಲೆ ಅರಿವೆಯಲ್ಲಿ ಸುತ್ತಿದ ಬರ್ಫ, ಹದಿನೈದು ನಿಮಿಷ ಇಡುವುದು, ತೆಗೆಯುವುದು. ನಮ್ಮಲ್ಲಿ ಆ ದಿನವೇ ಕಾವು ಕೊಡುತ್ತಾರೆ, ಅದು ತಪ್ಪು, ರಕ್ತ ಹೆಚ್ಚಾಗುತ್ತದೆ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪಿನ ನೀರನ್ನು ಬಾಯಲ್ಲಿ ಹಿಡಿದು ಮೆಲ್ಲಗೆ ಹೊರಳಿಸಿ ಬಿಡಬೇಕು. ಬಾವು ಎರಡನೆಯ, ಮೂರನೆಯ ದಿನ ಏರಿ ಆಮೇಲೆ ಇಳಿಯುತ್ತದೆ. ಗಲ್ಲ ಹಸಿರು-ಹಳದಿ ಆಗಬಹುದು. ಬಾಯಿ ಪೂರ್ತಿ ತೆರೆಯಲು ಒಂದು ವಾರ ಹಿಡಿಯಬಹುದು. ಇದೆಲ್ಲ ಮಾಯುವ ದಾರಿಯೇ. ಕುಣಿಗೆ ಅರಿಷಿಣ, ಸುಣ್ಣ, ಬೂದಿ ತುಂಬಬೇಡಿ.

ಊಟದ ಮಾತು. ರೊಟ್ಟಿ, ಕಬ್ಬು, ಶೇಂಗಾ ಒಂದು ವಾರ ದೂರ. ಅಂಬಲಿ, ಮೊಸರನ್ನ, ಹೆಸರುಬೇಳೆಯ ಮೆತ್ತನೆಯ ಖಿಚಡಿ ಸಾಕು. ನಮ್ಮ ಊರಿನಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ಮನೆಗಳು ಬಹಳ. ಕಾಗದದಲ್ಲಿ ರಾತ್ರಿ ಊಟದ ನಂತರ ಒಂದು ಗುಳಿಗೆ ಎಂದು ಬರೆದಿರುತ್ತದೆ. ಅದನ್ನು ಒಂಬತ್ತು ಗಂಟೆಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ರಾತ್ರಿಯಿಡೀ ಹೊಟ್ಟೆ ಉರಿ ಅನುಭವಿಸುವವರಿದ್ದಾರೆ, ಇಲ್ಲವೇ ಗುಳಿಗೆಯನ್ನೇ ಬಿಡುವವರಿದ್ದಾರೆ. ನಾವು ಸಂಜೆ ಐದೂವರೆಗೆ ಉಣ್ಣುತ್ತೇವೆ, ಹೊತ್ತನ್ನು ಹೊಂದಿಸಿ ಕೊಡಿ ಎಂದು ಡಾಕ್ಟರಿಗೆ ಹೇಳಿದರೆ ಹೊಂದಿಸುತ್ತಾರೆ. ಹೇಳದೆ ಅವರಿಗೆ ಹೇಗೆ ತಿಳಿಯಬೇಕು? ದಶಲಕ್ಷಣ ಪರ್ವದ ಉಪವಾಸದ ದಿನಗಳನ್ನು ಬಿಟ್ಟು ದಿನ ಗೊತ್ತು ಮಾಡಿ.

ಈಗ ತಂಬಾಕು. ನಿಪ್ಪಾಣಿಯ ತಂಬಾಕಿನ ಸೀಮೆಯ ಪಕ್ಕದಲ್ಲೇ ಇರುವವರು ನಾವು. ಗುಟಖಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಮಾವಾ ಮಾತ್ರ ಅಂಗೈಯಲ್ಲಿ ತಿಕ್ಕುತ್ತಲೇ ಇದೆ. ಹಲ್ಲು ತೆಗೆಸಿದ ಮರುದಿನವೇ ಇನ್ನೊಂದು ಕಡೆಯ ಗಲ್ಲದಲ್ಲಿ ಇಡುತ್ತೇನೆ ಎನ್ನುವವರಿಗೆ ಹೇಳುತ್ತೇನೆ: ಬಾಯಿ ಒಂದೇ. ಹೆಪ್ಪು ಹೋಗಿ ಎಲುಬು ಬರಿದಾದರೆ ಮೂರನೆಯ, ನಾಲ್ಕನೆಯ ದಿನ ಕಿವಿಯವರೆಗೆ ಸಿಡಿಯುವ ನೋವು ಶುರುವಾಗುತ್ತದೆ, ಬಾಯಿ ನಾರುತ್ತದೆ. ಡಾಕ್ಟರರ ಮಾತಿನಲ್ಲಿ ಒಣ ಕುಣಿ. ತಂಬಾಕು ಸೇದುವವರಿಗೆ ಇದು ಹೆಚ್ಚು, ಜಗಿದು ಉಗುಳುವವರಿಗೆ ಉಗುಳುವಿಕೆಯೇ ವೈರಿ. ಮನೆಯ ಗುಳಿಗೆಯಿಂದ ಇದು ಹೋಗುವುದಿಲ್ಲ, ದವಾಖಾನೆಗೆ ಹೋಗಿ ಕುಣಿ ತೊಳೆಸಿ ಔಷಧದ ಪಟ್ಟಿ ಇಡಿಸಬೇಕು. ಹೆಣ್ಣುಮಕ್ಕಳ ಮಿಶ್ರಿಯೂ ತಂಬಾಕೇ, ಹಲ್ಲು ತಿಕ್ಕುವ ಹೆಸರು ಕೊಟ್ಟರೆ ಅದು ದಂತಮಂಜನವಾಗುವುದಿಲ್ಲ. ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯಿದೆ ಹೇಳುತ್ತದೆ. ಗುರುಗಳ ಕಿಸೆ ಆ 100 ಗಜದ ಒಳಗೋ ಹೊರಗೋ ಎಂಬುದನ್ನು ಗುರುಗಳೇ ಅಳೆದುಕೊಳ್ಳಲಿ.

ಇನ್ನೊಂದು ಅನ್ಯಾಯದ ಮಾತು ಬಿಡುವಂತಿಲ್ಲ. ಮಗ ಹಲ್ಲು ತೆಗೆಸಿದರೆ ನಾಲ್ಕು ದಿನ ಹಾಸಿಗೆ, ದಿಂಬು, ಸಜ್ಜಿಗೆ. ಸೊಸೆ ತೆಗೆಸಿದರೆ ಮರುದಿನ ಮುಂಜಾನೆ ಒಲೆಯ ಮುಂದೆ ಬಗ್ಗಿ ಊದಬೇಕು, ತುಂಬಿದ ಕೊಡ ಎತ್ತಬೇಕು, ಎಲ್ಲರ ರೊಟ್ಟಿ ಬಡಿದು ತಾನು ನೀರು ಕುಡಿಯಬೇಕು. ಬಗ್ಗುವುದರಿಂದ, ಭಾರ ಎತ್ತುವುದರಿಂದ ನಿಂತ ರಕ್ತ ಮತ್ತೆ ಬರುತ್ತದೆ. ಎರಡು-ಮೂರು ದಿನದ ವಿಶ್ರಾಂತಿ ಅವಳಿಗೂ ಔಷಧವೇ. ಅದನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ, ಅತ್ತೆಯಂದಿರು ಚೀಟಿಗೆ ಹೆದರುತ್ತಾರೆ.

ಹೋಗುವ ಮುಂಚೆ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯಕ್ಕೆ ತೆಗೆದುಕೊಳ್ಳುವ ರಕ್ತ ತೆಳು ಮಾಡುವ ಗುಳಿಗೆ, ಬಸಿರು ಯಾವುದಿದ್ದರೂ ಮುಚ್ಚಿಡದೆ ಹೇಳಿ. ಆ ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಕೆಳಗಿನ ಹಲ್ಲಿನ ಬೇರು ನರಕ್ಕೆ ತಾಗಿದ್ದರೆ ತುಟಿ ಅಥವಾ ನಾಲಿಗೆ ಮರಗಟ್ಟಿ ಉಳಿಯಬಹುದು. ಬಹಳಷ್ಟು ಜನರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ, ಅಪರೂಪಕ್ಕೆ ಉಳಿದೇಬಿಡುತ್ತದೆ. ಇದನ್ನು ಸೂಜಿ ಹಾಕುವ ಮುಂಚೆ ಕೇಳಿ ತಿಳಿಯಬೇಕು. ಮನೆಗೆ ಬಂದ ಮೇಲೆ ಅರಿವೆ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಮೂರು ದಿನದ ಮೇಲೂ ಬಾವು ಏರುತ್ತಲೇ ಇದ್ದರೆ, ಚಳಿಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ತ್ರಾಸಾದರೆ ಬೆಳಗಾಗಲಿ ಎಂದು ಕಾಯಬೇಡಿ. ಚೀಟಿಯ ಹಿಂದೆ ಡಾಕ್ಟರರ ಫೋನ್ ನಂಬರನ್ನು ದೊಡ್ಡ ಅಂಕಿಯಲ್ಲಿ ಬರೆಸಿಕೊಂಡು, ಅಜ್ಜಿಗೂ ಕಾಣುವ ಹಾಗೆ ಗೋಡೆಗೆ ಅಂಟಿಸಿ.