ತೋಫು ಪನೀರಲ್ಲ ಮಾರಾಯ್ರೆ!

ಡೊಂಬಿವಲಿ ಸ್ಟೇಷನ್ನಿನಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಚೈನೀಸ್ ಗಾಡಿ. ಶುಕ್ರವಾರ ರಾತ್ರಿ ಲೋಕಲ್ ಇಳಿದು ನಮ್ಮವರು ಅಲ್ಲಿ ಮಂಚೂರಿಯನ್, ಶೆಜ್ವಾನ್ ರೈಸ್ ಕಟ್ಟಿಸಿಕೊಂಡು ಬರುತ್ತಿದ್ದರು. ಇಪ್ಪತ್ತು ವರ್ಷ ನಡೆದ ಪದ್ಧತಿ. ನನಗೂ ಅವತ್ತು ಒಲೆಯಿಂದ ರಜೆ.

ಎರಡು ವರ್ಷದ ಹಿಂದೆ ಅವರ ಬಿ.ಪಿ. ಏರಿತು. ಉಪ್ಪು ಕಡಿಮೆ ಮಾಡಿ, ಹೊರಗಿನದ್ದು ಬಿಡಿ ಅಂದ್ರು ಡಾಕ್ಟರು. ಹಪ್ಪಳ, ಉಪ್ಪಿನಕಾಯಿ ಎಲ್ಲ ತುಟಿಪಿಟಕ್ಕೆನ್ನದೆ ಬಿಟ್ಟರು. ಶುಕ್ರವಾರ ಮಾತ್ರ ಬರಿಗೈಯಲ್ಲಿ ಬಂದು ಟಿವಿ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದರು. ಅದನ್ನು ನೋಡಲಾಗದೆ ನಾನು ತೋಫು ತಂದೆ. ಕರಿದ ಉಂಡೆಗಿಂತ ವಾಸಿ ಅಂತ ಮಗಳು ಫೋನಿನಲ್ಲಿ ಹೇಳಿದ್ದಳು.

ಪ್ಯಾಕೆಟ್ ಮೇಲೆ 'ಸೋಯಾ ಪನೀರ್' ಅಂತ ಬರೆದಿತ್ತು. ಎಲ್ಲ ಎಡವಟ್ಟಾಗಿದ್ದು ಅಲ್ಲೇ ನೋಡಿ. ನಾನೂ ಪನೀರ್ ಅಂತಲೇ ನಂಬಿ ಪಾಲಕ್ ಗ್ರೇವಿಗೆ ಹಾಕಿದೆ. ಗ್ರೇವಿ ಒಂದು ಕಡೆ, ಒದ್ದೆ ಸ್ಪಂಜಿನ ತುಂಡು ಒಂದು ಕಡೆ. "ಚೆನ್ನಾಗಿದೆ" ಅಂದ್ರು, ಅನ್ನುತ್ತಲೇ ಒಂದೊಂದೇ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದರು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಆ 'ಚೆನ್ನಾಗಿದೆ'ಯ ಅರ್ಥ ಗೊತ್ತಾಗದೇ ಇರತ್ಯೇ?

ತಪ್ಪು ತೋಫುವಿನದ್ದಲ್ಲ, ಹೆಸರಿನದ್ದು ಅಂತ ನನ್ನ ವಾದ. ಪನೀರಿನಲ್ಲಿ ಹಾಲಿನ ಜಿಡ್ಡಿದೆ, ಅದರದ್ದೇ ಒಂದು ರುಚಿಯಿದೆ. ತೋಫು ಅಂದರೆ ಸೋಯಾ ಹಾಲನ್ನು ಜಿಪ್ಸಮ್ಮೋ ಮೆಗ್ನೀಷಿಯಂ ಉಪ್ಪೋ ಹಾಕಿ ಒಡೆದು ಗಟ್ಟಿ ಮಾಡಿದ್ದು. ಅದರಲ್ಲಿ ಹೆಚ್ಚಿನ ಪಾಲು ನೀರೇ. ಆ ನೀರು ಒಳಗಿರುವ ತನಕ ನಿಮ್ಮ ಮಸಾಲೆಗೆ ಜಾಗ ಎಲ್ಲಿ? ಪನೀರಿನ ಕುರ್ಚಿಯಲ್ಲಿ ಕೂರಿಸಿದರೆ ಅದು ಯಾವತ್ತಿದ್ದರೂ ನಪಾಸು.

ಈಗ ನಾನು ಮಾಡುವುದು ಹೀಗೆ. ಗಟ್ಟಿ ತೋಫುವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೆ ನೀರು ತುಂಬಿದ ಕುಕ್ಕರ್ ಇಟ್ಟು ಅರ್ಧ ಗಂಟೆ ಬಿಡುತ್ತೇನೆ. ನೆನಪಾದರೆ ಹಿಂದಿನ ರಾತ್ರಿಯೇ ಫ್ರೀಜರಿಗೆ. ಒಳಗಿನ ನೀರು ಮಂಜಾಗಿ ಸಣ್ಣ ಸಣ್ಣ ತೂತು ಮಾಡುತ್ತದೆ, ಕರಗಿಸಿ ಹಿಂಡಿದರೆ ಆಮೇಲೆ ಸಾಸನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ತುಂಡು ಮಾಡಿ ಒಣ ಕಾರ್ನ್‌ಫ್ಲೋರಿನಲ್ಲಿ ಹೊರಳಿಸಿ, ದೋಸೆ ಕಾವಲಿಯ ಮೇಲೆ ಎರಡೇ ಚಮಚ ಎಣ್ಣೆಯಲ್ಲಿ ಕೆಂಪಗೆ ಮಾಡಿ. ಪದೇ ಪದೇ ಕೈಯಾಡಿಸಬೇಡಿ, ತಳ ಗರಿಯಾಗಲಿ. ಒಂದೇ ಸಲ ಎಲ್ಲ ಸುರಿಯಲೂ ಬೇಡಿ. ಗಾಡಿಯವನ ಭರ್ರೋ ಎನ್ನುವ ಬರ್ನರ್ ನಮ್ಮ ಮನೆ ಗ್ಯಾಸಿಗಿಲ್ಲ. ಕೊನೆಗೆ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಈರುಳ್ಳಿ ಸೊಪ್ಪು, ಸ್ವಲ್ಪ ವಿನೆಗರ್, ಚಿಟಿಕೆ ಸಕ್ಕರೆ, ಟೀ ಚಮಚದಲ್ಲಿ ಒಂದೇ ಒಂದು ಚಮಚ ಸೋಯಾ ಸಾಸ್. ಬೇರೆ ಉಪ್ಪಿಲ್ಲ.

ಆ ಒಂದು ಚಮಚದ ಲೆಕ್ಕಕ್ಕೇ ಇಷ್ಟೆಲ್ಲ ಪಾಡು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಅನ್ನುತ್ತದೆ. ಊಟದ ದೊಡ್ಡ ಚಮಚದಷ್ಟು ಸೋಯಾ ಸಾಸಿನಲ್ಲೇ ಸಾಮಾನ್ಯವಾಗಿ 2 ಗ್ರಾಂ ಮೇಲಿರುತ್ತದೆ. ಗಾಡಿಯವನು ಚಮಚ ಎಣಿಸುತ್ತಾನೆಯೇ? ನಮ್ಮ ಜನ ಬೈಯುವುದು ಮಾತ್ರ ಅಜಿನೊಮೊಟೊವನ್ನು. ಅಷ್ಟೇ ತೂಕದ ಉಪ್ಪಿಗೆ ಹೋಲಿಸಿದರೆ ಅದರಲ್ಲಿ ಸೋಡಿಯಂ ಮೂರನೇ ಒಂದು ಪಾಲು. ಪಾಪ, ಕದ್ದವರು ಯಾರೋ, ಪೆಟ್ಟು ತಿನ್ನುವವರು ಯಾರೋ!

"ನಮ್ಮದಲ್ಲದ ಅಡುಗೆಗೆ ಇಷ್ಟು ಒದ್ದಾಟವೇ?" ಅಂತ ಪಕ್ಕದ ಬಿಲ್ಡಿಂಗಿನ ಗೆಳತಿ. ನಮ್ಮದಲ್ಲ ಅಂದರೆ? ಮಂಚೂರಿಯನ್ ಹುಟ್ಟಿದ್ದೇ ಈ ಮುಂಬಯಿಯಲ್ಲಿ, 1975ರಲ್ಲಿ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ, ನೆಲ್ಸನ್ ವಾಂಗ್ ಎಂಬ ಕಲ್ಕತ್ತೆಯ ಚೀನೀ ಬಾಣಸಿಗರ ಕೈಯಲ್ಲಿ ಅಂತಾರೆ. ನಿಜವಾದ ಸಿಚುವಾನ್ ಅಡುಗೆಯಲ್ಲಿ ನಾಲಿಗೆ ಜುಂ ಅನ್ನಿಸುವ ಒಂದು ಮೆಣಸಿದೆಯಲ್ಲ, ಅದು ನಮ್ಮ ಕುಮಟೆ ಕಡೆ ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿಯ ಕುಲದ್ದೇ. ಇಲ್ಲಿ ತಿರ್ಫಳ ಅಂತ ಕೇಳಿದರೆ ಕೊಡುತ್ತಾರೆ. ಬೀಜ ತೆಗೆದು ಎರಡು ಸಿಪ್ಪೆ ಹುರಿದು ಪುಡಿ ಮಾಡಿ ಉದುರಿಸಿ ನೋಡಿ. ಉಪ್ಪು ಕಡಿಮೆಯಾಗಿದ್ದು ನಾಲಿಗೆಗೆ ಗೊತ್ತೇ ಆಗುವುದಿಲ್ಲ.

ಕಳೆದ ಶುಕ್ರವಾರ ಅದನ್ನೇ ಉದುರಿಸಿದ್ದೆ. ನಮ್ಮವರು ಬಾಯಿಗಿಟ್ಟು ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಏ, ಇದ್ರಲ್ಲಿ ಬಂಗಡೆ ಎಲ್ಲಿ?" ಅಂತ ತಟ್ಟೆಯಲ್ಲಿ ಹುಡುಕತೊಡಗಿದರು. ತಟ್ಟೆಯ ಅಂಚಿನಲ್ಲಿ ಒಂದು ತುಂಡೂ ಉಳಿಯಲಿಲ್ಲ.