ಹಲ್ಲಿಗೆ ಜಾತಿ ಕೇಳಬೇಡಿ

ಬೇಲೂರಿನಲ್ಲಿ ಹಲ್ಲಿನ ಡಾಕ್ಟರಾಗಿರುವ ನನಗೆ, ಬಾಯಿ ತೆರೆದವರ ಊರು ಎಷ್ಟೋ ಸಲ ಕೇಳದೆಯೇ ತಿಳಿಯುತ್ತದೆ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ ಕಂಡರೆ ‘ಅರಸೀಕೆರೆ ಕಡೆಯವರಾ?’ ಎನ್ನುತ್ತೇನೆ. ಇದರಲ್ಲಿ ಜ್ಯೋತಿಷ್ಯವೇನಿಲ್ಲ. ಆ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲಿ ಮಗು ಕುಡಿದ ನೀರು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಮೇಲೆ ಗುರುತು ಬಿಡುತ್ತದೆ. ಮುಂದೆ ಬೇಲೂರಿಗೆ ಸೊಸೆಯಾಗಿ ಬಂದು, ಯಗಚಿ ನೀರು ಕುಡಿದೇ ಮುದುಕಿಯಾದರೂ ಆ ಗುರುತು ಅಳಿಯದು. ಮೂಳೆ ಜೀವನವಿಡೀ ತನ್ನನ್ನು ಹೊಸದು ಮಾಡಿಕೊಳ್ಳುತ್ತಲೇ ಇರುತ್ತದೆ; ಎನಾಮಲ್ ಹಾಗಲ್ಲ, ಒಮ್ಮೆ ಗಟ್ಟಿಯಾದರೆ ಮುಗಿಯಿತು.

ಸಾವಿರಾರು ವರ್ಷಗಳ ಹಿಂದೆ ಸತ್ತವರು ಎಲ್ಲಿಂದ ಬಂದವರೆಂದು ಹುಡುಕುವ ವಿಜ್ಞಾನಿಗಳಿಗೂ ಈ ಗುಣವೇ ಆಧಾರ. ಅವರು ಅಳೆಯುವುದು ಸ್ಟ್ರಾನ್ಷಿಯಂ ಎಂಬ ಧಾತುವನ್ನು. ನಮ್ಮ ಗೊರೂರಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ. ಬೆಳಗಾವಿ, ಕಲಬುರಗಿ ಕಡೆಯ ಬಸಾಲ್ಟಿಗೆ ಆರೂವರೆ ಕೋಟಿ ಚಿಲ್ಲರೆ. ಈ ಎರಡು ಬಗೆಯ ಕಲ್ಲುಗಳಲ್ಲಿ ಸ್ಟ್ರಾನ್ಷಿಯಂ ಐಸೊಟೋಪುಗಳ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ, ಪ್ರಮಾಣ ಬೇರೆ ಬೇರೆ. ಅದು ಕಲ್ಲಿನಿಂದ ಮಣ್ಣಿಗೆ, ಮಣ್ಣಿನಿಂದ ನೀರಿಗೂ ರಾಗಿ-ಜೋಳಕ್ಕೂ, ಅಲ್ಲಿಂದ ಮಗುವಿನ ಹಲ್ಲಿಗೂ ಇಳಿಯುತ್ತದೆ. ಆರನೇ ವರ್ಷಕ್ಕೆ ಹುಟ್ಟುವ ದವಡೆಹಲ್ಲಿನ ಎನಾಮಲ್ ಮೂರರ ಆಸುಪಾಸಿಗೇ ಸಿದ್ಧವಾಗಿರುತ್ತದೆ, ಬುದ್ಧಿಹಲ್ಲಿನದು ಹದಿಹರೆಯದ ಹೊತ್ತಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದರೆ, ಆ ವ್ಯಕ್ತಿ ಬಾಲ್ಯದಲ್ಲಿ ಊರು ಬದಲಿಸಿದ್ದನೇ ಎಂಬುದು ತಿಳಿಯಬಹುದು. 2015ರಲ್ಲಿ ಪ್ರಕಟವಾದ ಹರಪ್ಪದ ಹಲ್ಲುಗಳ ಅಧ್ಯಯನದಲ್ಲಿ, ಅಲ್ಲಿನ ಸ್ಮಶಾನದಲ್ಲಿ ಮಲಗಿದ್ದ ಅನೇಕರು ಎಳವೆಯಲ್ಲಿ ಬೇರೆಡೆ ಬೆಳೆದು ಆ ನಗರಕ್ಕೆ ಬಂದವರೆಂದು ಗೊತ್ತಾಯಿತು.

ನನಗೆ ಬೇಸರ ತರುವುದು ನಾವು ಇಂಥ ಹಲ್ಲಿಗೆ ಕೇಳುವ ಪ್ರಶ್ನೆ. ‘ನಮ್ಮ ಜನ ಇಲ್ಲಿನ ಮೂಲದವರೇ ಅಂತ ಹಲ್ಲಿನಿಂದ ಸಾಬೀತು ಮಾಡಬಹುದಾ ಡಾಕ್ಟ್ರೇ?’ ಎಂದು ವಿಚಾರಿಸುವವರಿದ್ದಾರೆ. ದೇಹ ಅಳೆದು ಜಾತಿ ಹುಡುಕುವ ಈ ಚಾಳಿ ಹಳೆಯದು: ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಮೂಗಿನ ಅಳತೆ ಹಿಡಿದು ಜಾತಿಗಳಿಗೆ ಮೇಲು-ಕೀಳು ಹಚ್ಚಲು ಹೊರಟಿದ್ದ. ತಲೆಬುರುಡೆಯ ಆಕಾರ ವಂಶದ ಶಾಶ್ವತ ಮುದ್ರೆ ಎಂಬ ನಂಬಿಕೆಗೆ ಅಮೆರಿಕದ ಫ್ರಾನ್ಜ್ ಬೋಆಸ್ 1912ರಲ್ಲೇ ಪೆಟ್ಟು ಕೊಟ್ಟ: ವಲಸೆ ಬಂದವರ ಮಕ್ಕಳ ತಲೆಯ ಅಳತೆ ಒಂದೇ ತಲೆಮಾರಿನಲ್ಲಿ ಬದಲಾಗಿತ್ತು. ಆದರೂ ಚಾಳಿ ಹೋಗಿಲ್ಲ. ಹರಿಯಾಣದಲ್ಲಿರುವ ಹರಪ್ಪ ಕಾಲದ ನೆಲೆ ರಾಖಿಗಢಿಯಲ್ಲಿ 61 ಮಾದರಿಗಳನ್ನು ಪರೀಕ್ಷಿಸಿದಾಗ ಬಳಸುವಂಥ ಡಿಎನ್‌ಎ ಸಿಕ್ಕಿದ್ದು ಒಬ್ಬ ಹೆಂಗಸಿನಿಂದ ಮಾತ್ರ. 2019ರಲ್ಲಿ ಆ ವರದಿ ಬಂದದ್ದೇ ತಡ, ಆರ್ಯರು ಹೊರಗಿನಿಂದ ಬಂದವರೇ ಎಂಬ ವಿವಾದದ ಎರಡೂ ಪಾಳೆಯದವರು ಅವಳೊಬ್ಬಳನ್ನೇ ತಮ್ಮ ಸಾಕ್ಷಿಯಾಗಿ ಎಳೆದಾಡಿದರು.

ಡಿಎನ್‌ಎ ಏನೂ ಹೇಳುವುದಿಲ್ಲವೆಂದಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ 73 ಸಮುದಾಯಗಳ ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ, ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ವ್ಯಾಪಕವಾಗಿ ಬೆರೆತರು. ಒಳಗೊಳಗೇ ಮದುವೆಯಾಗುವ ರೂಢಿ ಬಿಗಿಯಾದದ್ದು ಆಮೇಲೆ. ಜಾತಿ ಸಮಾವೇಶದ ವೇದಿಕೆಯಿಂದ ಇದನ್ನು ಓದಿ ಹೇಳುವವರು ಯಾರು?

ಮೂಲ ಹೊಸೆಯುವ ಹುಕಿ ನಮ್ಮೂರಿಗೆ ಹೊಸದಲ್ಲ. ಬೇಲೂರಿನಿಂದ ಆಳಿದ ಹೊಯ್ಸಳರು ಅಂಗಡಿ ಎಂಬ ಮಲೆನಾಡಿನ ಊರಿನಿಂದ ಎದ್ದು ಬಂದವರು, ‘ಮಲೆಪರೊಳ್ಗಂಡ’ (ಮಲೆಯವರಲ್ಲಿ ವೀರ) ಎಂದು ಹೆಮ್ಮೆಯಿಂದ ಕರೆಸಿಕೊಂಡವರು. ರಾಜ್ಯ ಬೆಳೆದಂತೆ ಅವರ ಶಾಸನಗಳಲ್ಲಿ ಕೃಷ್ಣನ ಯದುವಂಶವೂ ದ್ವಾರಾವತಿಯೂ ಬಂದು ಕುಳಿತವು. ಕಲ್ಲಿನ ಮೇಲೆ ಯಾವ ವಂಶಾವಳಿಯನ್ನಾದರೂ ಕೆತ್ತಿಸಬಹುದು. ಎನಾಮಲ್‌ಗೆ ಹಾಗೆ ಅಪ್ಪಣೆ ಕೊಡಲಾಗದು.

ಹಾಗಾಗಿ ಸರ್ಕಾರಕ್ಕೂ ವಿಶ್ವವಿದ್ಯಾಲಯಗಳಿಗೂ ನನ್ನ ಒತ್ತಾಯವಿಷ್ಟೆ. ಪುರಾತತ್ವಜ್ಞ ವೀಲರ್ 1947ರಲ್ಲಿ ಅಗೆದ ಬ್ರಹ್ಮಗಿರಿ, ನಾಗರಾಜರಾವ್ ಮತ್ತು ಮಲ್ಹೋತ್ರ 1965ರಲ್ಲಿ ವರದಿ ಬರೆದ ತೆಕ್ಕಲಕೋಟೆ, ಕಾವೇರಿ-ಕಪಿಲೆಯರ ಸಂಗಮದ ತಿರುಮಕೂಡಲು ನರಸೀಪುರ, ಈ ಎಲ್ಲೆಡೆ ಮನುಷ್ಯರ ಅಸ್ಥಿಗಳು ಸಿಕ್ಕಿವೆ. ಅವುಗಳಲ್ಲಿ ಉಳಿದಿರುವ ಹಲ್ಲುಗಳನ್ನು ಇಂದಿನ ವಿಧಾನದಲ್ಲಿ ಪರೀಕ್ಷಿಸಬೇಕು. ಹೋಲಿಸಿ ನೋಡಲು ಕರ್ನಾಟಕದ ಮಣ್ಣು-ನೀರಿನ ಸ್ಟ್ರಾನ್ಷಿಯಂ ನಕ್ಷೆಯೂ ಬೇಕು. ಮಲೆನಾಡಿನಲ್ಲಿ ಅವಸರ ಇನ್ನೂ ಹೆಚ್ಚು: ಇಲ್ಲಿನ ಆಮ್ಲೀಯ ಮಣ್ಣು, ಬಿಡದ ಮಳೆ ಮೂಳೆಯನ್ನು ಕರಗಿಸಿಬಿಡುತ್ತವೆ, ಕೊನೆಗೆ ಉಳಿದರೆ ಹಲ್ಲೇ.

ತೋಟಕ್ಕೆ ಜೆಸಿಬಿ ಇಳಿಸುವವರಿಗೂ ಒಂದು ಮಾತು. ಜನ ಪಾಂಡವರ ಮನೆ, ಮೋರ್ಯರ ಮನೆ ಎನ್ನುವ ಕಲ್ಲುಗೋರಿ ಅಡ್ಡ ಬಂದರೆ ನಿಧಿಯ ಆಸೆಗೆ ಕೆದಕಬೇಡಿ. ಮೂಳೆ ಕಂಡರೆ ತೊಳೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ನಿಮ್ಮ ಬೆವರಿನ ಡಿಎನ್‌ಎ ಅದಕ್ಕೆ ಅಂಟಿಕೊಳ್ಳುತ್ತದೆ. ಕೆಲಸ ನಿಲ್ಲಿಸಿ, ತಹಶೀಲ್ದಾರರಿಗೆ ತಿಳಿಸಿ. ಪರೀಕ್ಷೆಯ ಫಲಿತಾಂಶ ಬಂದ ದಿನ ಅದನ್ನು ಶಾಲೆಯ ಪಾಠಕ್ಕೆ ಸೇರಿಸೋಣ, ಮೀಸಲಾತಿಯ ಅರ್ಜಿಗೆ ಲಗತ್ತಿಸುವುದು ಬೇಡ.